ಮಳೆಗಾಲ ಬಿಟ್ಟು ಹಾಕಿದ ಲೆಕ್ಕ

ತುಮಕೂರಿನಿಂದ ಗುಬ್ಬಿ ಕಡೆಗೆ ಹೊರಡುವ ರಸ್ತೆ ಇದೆಯಲ್ಲ, ಅದನ್ನೇ ಹಿಡಿದು ಹೋಗುತ್ತಾ ಇದ್ದರೆ ಕೊನೆಗೆ ಸಮುದ್ರ ಸಿಗುತ್ತದೆ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ, ಆಮೇಲೆ ಗೇರುಸೊಪ್ಪೆಯ ಘಾಟಿ ಇಳಿದು ಹೊನ್ನಾವರ. ಹಳೇ ನಂಬರಿನಲ್ಲಿ ಅದು 206ನೇ ರಾಷ್ಟ್ರೀಯ ಹೆದ್ದಾರಿ. ಸುಮಾರು 360 ಕಿಲೋಮೀಟರ್. ನಾನು ರಿಟೈರ್ ಆದ ಹೈಸ್ಕೂಲು ಇದೇ ರಸ್ತೆಯ ಪಕ್ಕದಲ್ಲಿತ್ತು. ಹಾಗಾಗಿ ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡಲು ಹೊನ್ನಾವರದ ಹತ್ತಿರ ಮನೆ ಕೊಳ್ಳುವಾಗ ಅದು ದೂರ ಅಂತ ನನಗೆ ಅನ್ನಿಸಲೇ ಇಲ್ಲ. ಒಂದೇ ರಸ್ತೆ ತಾನೆ!

2021ರ ಮೇ ತಿಂಗಳಲ್ಲಿ ನಿವೃತ್ತಿ ಆಯಿತು. ಗ್ರಾಚ್ಯುಟಿ, ಕಮ್ಯುಟೇಶನ್, ಜಿಪಿಎಫ್, ಉಳಿದ ರಜೆಯ ದುಡ್ಡು ಎಲ್ಲಾ ಕೈಗೆ ಬಂತು. ಜೊತೆಗೆ ಕ್ಯಾತ್ಸಂದ್ರದ ಹತ್ತಿರ ಇದ್ದ ಒಂದು ಸೈಟನ್ನೂ ಮಾರಿದೆವು. ಅಷ್ಟು ದುಡ್ಡನ್ನು ಒಟ್ಟಿಗೆ ನಾನು ಪಾಸ್‌ಬುಕ್ಕಿನಲ್ಲಿ ಎಂದೂ ನೋಡಿರಲಿಲ್ಲ. ನಮ್ಮ ಮನೆಯವರು ಹೇಳಿದ್ದು ಎರಡೇ ಮಾತು. ಒಂದು, ಗುಬ್ಬಿ ತೋಟಕ್ಕೆ ಇನ್ನೊಂದು ಬೋರು ಕೊರೆಸೋಣ. ಎರಡು, ಉಳಿದಿದ್ದನ್ನು ಪೋಸ್ಟ್ ಆಫೀಸಿಗೆ ಹಾಕು. ಎರಡೂ ನನಗೆ ಸಪ್ಪೆ ಅನ್ನಿಸಿತು.

ಆಗ ಬೆಂಗಳೂರಿನಿಂದ ನನ್ನ ತಮ್ಮನ ಮಗ ಬಂದಿದ್ದ. ಲ್ಯಾಪ್‌ಟಾಪ್ ತೆರೆದು ತೋರಿಸಿದ. "ಅತ್ತೆ, ಬೀಚ್ ಹತ್ತಿರ ಒಂದು ಮನೆ ತಗೊಳ್ಳಿ. ದಿನಕ್ಕೆ ಮೂರು ಸಾವಿರ. ವರ್ಷದಲ್ಲಿ ಅರವತ್ತು ಪರ್ಸೆಂಟ್ ದಿನ ತುಂಬಿದರೂ ಸಾಕು." 365ರಲ್ಲಿ ಅರವತ್ತು ಪರ್ಸೆಂಟ್ ಅಂದರೆ 219 ರಾತ್ರಿ. ಮೂರು ಸಾವಿರದಿಂದ ಗುಣಿಸಿದರೆ 6,57,000. ಗುಣಾಕಾರದಲ್ಲಿ ತಪ್ಪೇ ಇಲ್ಲ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು ನಾನು, ಗುಣಾಕಾರ ಸರಿ ಇದ್ದರೆ ಟಿಕ್ ಹಾಕಿಬಿಡುತ್ತೇನೆ. ಆದರೆ ಲೆಕ್ಕದ ಪ್ರಶ್ನೆಯೇ ತಪ್ಪಾಗಿದ್ದರೆ? ನಮ್ಮ ಮಕ್ಕಳಿಗೆ ದಿನಾ ಹೇಳುತ್ತಿದ್ದೆ, ಮೊದಲು ಪ್ರಶ್ನೆ ಎರಡು ಸಲ ಓದ್ರೋ ಅಂತ.

ಮನೆ ಹುಡುಕಿದ ಕತೆ ಬೇಗ ಹೇಳುತ್ತೇನೆ. ಮೊದಲು ಗೋಕರ್ಣಕ್ಕೆ ಹೋದೆವು. ಗುಂಟೆಗೆ ಹೇಳಿದ ರೇಟು ಕೇಳಿ ನಮ್ಮವರು ಅರ್ಧ ಚಹಾ ಬಿಟ್ಟು ಎದ್ದರು. ಮುರುಡೇಶ್ವರದಲ್ಲಿ ಲಾಡ್ಜುಗಳೇ ಜಾಸ್ತಿ, ಮನೆ ಸಿಗಲಿಲ್ಲ. ಕೊನೆಗೆ ಹೊನ್ನಾವರದ ಹತ್ತಿರ ಕಾಸರಕೋಡು ಕಡೆ ಬಂದೆವು. ಶರಾವತಿ ಸಮುದ್ರ ಸೇರುವ ಜಾಗ ಅದು. ಅಲ್ಲಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿತ್ತು. ಅದೇ ಸಲ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಸಿಕ್ಕಿತ್ತು. ದಲ್ಲಾಳಿ ಬಾಯಲ್ಲಿ ಇದೊಂದೇ ಮಂತ್ರ. "ನೀಲಿ ಬಾವುಟ ಬಂದಿದೆ ಮೇಡಂ, ಇನ್ನು ರೇಟು ನಿಲ್ಲೂದಿಲ್ಲ."

ಅವನು ಮೊದಲು ತೋರಿಸಿದ ಮನೆ ನೋಡಿ ನನಗೆ ಮಾತೇ ಹೊರಡಲಿಲ್ಲ. ಜಗಲಿಯಲ್ಲಿ ಕೂತರೆ ಅಲೆ ಕಾಣುತ್ತಿತ್ತು. ಬೆಲೆಯೂ ಕಡಿಮೆ. ಅಡ್ವಾನ್ಸ್ ಕೊಡುವ ಮುಂಚೆ ಹೊನ್ನಾವರದ ಒಬ್ಬ ವಕೀಲರ ಹತ್ತಿರ ಹೋಗಿದ್ದು ನನ್ನ ಪುಣ್ಯ. ಅವರು ಕಾಗದ ನೋಡುವ ಮೊದಲೇ ಕೇಳಿದರು, "ಉಬ್ಬರದ ಗೆರೆಯಿಂದ ಎಷ್ಟು ದೂರ ಅಕ್ಕೋರೆ?" ಉತ್ತರ ಕನ್ನಡದ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಅಂತಾರೆ. ನಾನು ಟೀಚರ್ ಅಂತ ಹೇಳಿದ ಕ್ಷಣದಿಂದ ಆ ಊರಿಗೆಲ್ಲಾ ನಾನು ಅಕ್ಕೋರೇ. ನಮ್ಮ ತುಮಕೂರಿನಲ್ಲಿ ಹುಡುಗರು ಮಿಸ್ಸು ಅನ್ನುತ್ತಿದ್ದವು. ಈ ಹೆಸರೇ ಚೆನ್ನಾಗಿದೆ.

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಂದರೆ ಏನು ಅಂತ ನನಗೆ ತಿಳಿದಿದ್ದು ಅವತ್ತೇ. ಸಮುದ್ರದ ಉಬ್ಬರದ ಗೆರೆಯಿಂದ ಭೂಮಿ ಕಡೆಗೆ 500 ಮೀಟರ್‌ವರೆಗೆ ಅದರ ಹಿಡಿತ. 2011ರ ನಿಯಮದಲ್ಲಿ ಹಳ್ಳಿ ಕಡೆಯ ತೀರಕ್ಕೆ ಮೊದಲ 200 ಮೀಟರ್ ಪೂರ್ತಿ ಕಟ್ಟಡ ನಿಷೇಧದ ಜಾಗ. ಅಲ್ಲಿರುವ ಹಳೇ ಮನೆಯನ್ನು ರಿಪೇರಿ ಮಾಡಬಹುದು, ಅಡಿಪಾಯ ಒಂದಡಿಯೂ ಹಿಗ್ಗಿಸುವಂತಿಲ್ಲ. 2019ರ ಹೊಸ ಅಧಿಸೂಚನೆಯಲ್ಲಿ ಜನ ಒತ್ತಾಗಿರುವ ಹಳ್ಳಿಗಳಿಗೆ ಇದನ್ನು 50 ಮೀಟರ್‌ಗೆ ಇಳಿಸಿದ್ದಾರೆ. ಒತ್ತಾಗಿ ಅಂದರೆ 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರಬೇಕು. ಆ ಸಂಖ್ಯೆ ಕೇಳಿ ನಾನು ಅಲ್ಲೇ ಚೀಟಿಯ ಹಿಂದೆ ಭಾಗಿಸಿ ನೋಡಿದೆ. ಅವಿಭಾಜ್ಯ ಸಂಖ್ಯೆ! ವಕೀಲರಿಗೆ ಹೇಳಿದರೆ ಅವರು ನನ್ನನ್ನು ಒಂಥರಾ ನೋಡಿದರು. ಉಳಿದ ಕಡೆ 200 ಮೀಟರೇ. ಅಲ್ಲಿಯೂ ಸ್ಥಳೀಯ ಜನ, ಮೀನುಗಾರರು ತಮ್ಮ ಮನೆಯಲ್ಲಿ ಹೋಮ್‌ಸ್ಟೇ ಮಾಡಬಹುದು ಅಂತ ಒಂದು ಸಡಿಲಿಕೆ ಇದೆ. "ಅದು ಇಲ್ಲಿಯವರಿಗೆ. ಗುಬ್ಬಿಯಿಂದ ಬಂದವರಿಗೆ ಅಲ್ಲ," ಅಂದರು ವಕೀಲರು. ನದಿಯ ಬಾಯಲ್ಲೂ ಉಬ್ಬರದ ನೀರು ಬರುವಷ್ಟು ದೂರ ಈ ಕಾನೂನು ನಡೆಯುತ್ತದೆ ಅಂತಲೂ ಸೇರಿಸಿದರು.

ದಲ್ಲಾಳಿಗೆ ಇದನ್ನು ಹೇಳಿದರೆ ನಕ್ಕುಬಿಟ್ಟ. "ಹಿಂದುಗಡೆ ಎರಡು ರೂಮು ಎಬ್ಬಿಸಿದರೆ ಯಾರು ಅಳೀತಾರೆ ಮೇಡಂ?" ನಾನು ಜೀವನಪೂರ್ತಿ ಅಳೆದವಳು. ಅಳೆಯುವವರು ಒಂದು ದಿನ ಬಂದೇ ಬರುತ್ತಾರೆ ಅಂತ ಗೊತ್ತು. ಬಿಟ್ಟೆ.

ಕೊನೆಗೆ ತಗೊಂಡ ಮನೆ ತೀರದಿಂದ ಅರ್ಧ ಕಿಲೋಮೀಟರಿಗೂ ಆಚೆ. ಅಲೆ ಕಾಣುವುದಿಲ್ಲ. ರಾತ್ರಿ ಹೊತ್ತು ಕೇಳುತ್ತದೆ. ಆರು ಗುಂಟೆ, ಕೆಂಪು ಚಿರೆಕಲ್ಲಿನ ಗೋಡೆ, ಹಂಚಿನ ಮಾಡು, ಮೂರು ಕೋಣೆ, ಬಾವಿ, ಹನ್ನೊಂದು ತೆಂಗಿನ ಮರ. ನಮ್ಮವರು ಮನೆಯನ್ನು ನೋಡಲೇ ಇಲ್ಲ, ಮರಗಳ ಸುಳಿ ನೋಡುತ್ತಾ ನಿಂತಿದ್ದರು.

ಕಾಗದದ ವಿಷಯಕ್ಕೆ ಐದು ತಿಂಗಳು ಹೋಯಿತು. ಪಹಣಿ, ಪಂಚಾಯಿತಿ ಆಸ್ತಿಯ ಇ-ಸ್ವತ್ತಿನ ನಮೂನೆ 9 ಮತ್ತು 11, ಇಸಿ (ಋಣಭಾರ ಪತ್ರ), ಇವೆಲ್ಲಾ ನಮ್ಮ ಕಡೆಯಂತೆಯೇ. ಹೊಸದು ಅಂದರೆ ಎರಡು. ಉತ್ತರ ಕನ್ನಡ ಜಿಲ್ಲೆಯಲ್ಲಿ ಅರಣ್ಯವೇ ಬಹುಪಾಲು, ಹಾಗಾಗಿ ತಲೆಮಾರಿನಿಂದ ಸಾಗುವಳಿ ಮಾಡುತ್ತಿದ್ದರೂ ಕಾಗದದಲ್ಲಿ ಅತಿಕ್ರಮಣ ಅಂತಿರುವ ಜಾಗಗಳು ಬೇಕಾದಷ್ಟು. ಅಂಥ ಜಾಗವನ್ನು ಬಾಯಿಮಾತಲ್ಲಿ ಮಾರುತ್ತಾರೆ, ಕೊಂಡವನಿಗೆ ಏನೂ ಉಳಿಯುವುದಿಲ್ಲ. ಇನ್ನೊಂದು, ವಾರಸುದಾರರು. ನಮ್ಮ ಮನೆಗೆ ಏಳು ಜನ ಸಹಿ ಹಾಕಬೇಕಿತ್ತು. ಆರು ಜನ ಹೊನ್ನಾವರ, ಕುಮಟಾದಲ್ಲೇ ಇದ್ದರು. ಏಳನೆಯ ಅಕ್ಕ ಮುಂಬೈನಲ್ಲಿ. ಅವರಿಗೆ ಮನೆ ಮಾರುವುದು ಇಷ್ಟ ಇರಲಿಲ್ಲ, ಆದರೆ ಯಾರಿಗೂ ಹೇಳುತ್ತಿರಲಿಲ್ಲ. ಸುಮ್ನೆ ಫೋನ್ ಎತ್ತುತ್ತಿರಲಿಲ್ಲ. ನಾನೇ ಮಾತಾಡಿದೆ. ಹಿತ್ತಲಿನ ಬಾವಿಕಟ್ಟೆ ಒಡೆಯುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಬಂದು ಸಹಿ ಹಾಕಿದರು. ಬಾವಿಕಟ್ಟೆ ಹಾಗೇ ಇದೆ.

ಮನೆಗೆ 31 ಲಕ್ಷ. ಮುದ್ರಾಂಕ, ನೋಂದಣಿ ಸೇರಿ ಎರಡು ಲಕ್ಷ ಚಿಲ್ಲರೆ. ಆಗ ನೋಂದಣಿ ಶುಲ್ಕ ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಮಾಡಿದ್ದಾರೆ. ರಿಪೇರಿ, ಬಾತ್‌ರೂಮು, ಮಂಚ, ಏಸಿ ಎಲ್ಲಾ ಸೇರಿ ಒಂಬತ್ತು ಲಕ್ಷ. ಒಟ್ಟು 42 ಲಕ್ಷ. 2022ರ ದಸರಾ ರಜೆಗೆ ಮೊದಲ ಅತಿಥಿಗಳು ಬಂದರು. ದಾವಣಗೆರೆಯ ಒಂದು ಕುಟುಂಬ. ಹೋಗುವಾಗ ಅಜ್ಜಿ ನನ್ನ ಕೈಗೆ ಎಲೆ ಅಡಿಕೆ ಕೊಟ್ಟು ಹೋದರು. ಅವತ್ತು ನಾನು ಭೂಮಿ ಮೇಲೆ ಇರಲಿಲ್ಲ ಬಿಡಿ.

ಮನೆ ನೋಡಿಕೊಳ್ಳಲು ಪಕ್ಕದ ಮನೆಯ ಹೆಂಗಸು ಒಪ್ಪಿದಳು, ತಿಂಗಳಿಗೆ ಎಂಟು ಸಾವಿರ. ಕೀಲಿ, ಕಸ, ಹಾಸಿಗೆ, ಕೇಳಿದವರಿಗೆ ನೀರುದೋಸೆ, ಬಂಗಡೆ ಸಾರು. ನಮ್ಮ ಮನೆಯಲ್ಲಿ ಮೀನು ಇಲ್ಲ, ಹಾಗಾಗಿ ಆ ವ್ಯವಹಾರ ಪೂರ್ತಿ ಅವಳದೇ. ಒಂದು ಪೈಸೆ ನಾನು ಕೇಳಲಿಲ್ಲ.

ಈಗ ಪೂರ್ತಿ ಒಂದು ವರ್ಷದ ಲೆಕ್ಕ. 2023ರ ಏಪ್ರಿಲ್‌ನಿಂದ 2024ರ ಮಾರ್ಚ್. ರೂಲ್ಡ್ ಪುಸ್ತಕದಲ್ಲಿ ಬರೆದಿದ್ದು ಹಾಗೇ ಹಾಕುತ್ತೇನೆ. ಏಪ್ರಿಲ್‌ನಲ್ಲಿ 10 ರಾತ್ರಿ, ಮೇನಲ್ಲಿ 12. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ನಾಲ್ಕೂ ಸೇರಿ 7. ಏಳು ರಾತ್ರಿ! ಅಕ್ಟೋಬರ್ 13, ನವೆಂಬರ್ 11, ಡಿಸೆಂಬರ್ 22, ಜನವರಿ 14, ಫೆಬ್ರವರಿ 10, ಮಾರ್ಚ್ 5. ಕೂಡಿದರೆ 104. ತಮ್ಮನ ಮಗನ 219 ಎಲ್ಲಿ, ಈ 104 ಎಲ್ಲಿ. ಶನಿವಾರ ಭಾನುವಾರ ಬಿಟ್ಟರೆ ಉಳಿದ ದಿನ ಮೂರು ಸಾವಿರಕ್ಕೆ ಯಾರೂ ಬರುವುದಿಲ್ಲ, ಸರಾಸರಿ 2,700 ಬಿತ್ತು. ಬಂದಿದ್ದು 2,80,800.

ಹೋಗಿದ್ದು: ಅವಳ ಸಂಬಳ 96,000. ಬುಕಿಂಗ್ ಆ್ಯಪುಗಳ ಕಮಿಷನ್ 27,000. ಹೆಸ್ಕಾಂ ಬಿಲ್ಲು 21,000. ಸೋಪು, ಗ್ಯಾಸು, ಬಟ್ಟೆ ಒಗೆಸಿದ್ದು 18,000. ಇಂಟರ್‌ನೆಟ್ಟಿಗೆ 8,500. ಪಂಚಾಯಿತಿ ಕಂದಾಯ, ಚಿಲ್ಲರೆ 4,300. ರಿಪೇರಿ 46,000. ಉಳಿದಿದ್ದು ಸರಿಯಾಗಿ 60,000. ನಾವು ಆರು ಸಲ ಹೋಗಿ ಬಂದ ಡೀಸೆಲ್ ಇದರಲ್ಲಿ ಸೇರಿಸಿಲ್ಲ, ಸೇರಿಸಲು ಧೈರ್ಯ ಬರಲಿಲ್ಲ.

ನಾನು ರಿಟೈರ್ ಆದ ವರ್ಷವೇ ನನ್ನ ಜೊತೆ ಕನ್ನಡ ಪಾಠ ಮಾಡುತ್ತಿದ್ದ ಮೇಡಂ ಕೂಡ ರಿಟೈರ್ ಆಗಿದ್ದರು. ಅವರು 2023ರಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿದ ಕೂಡಲೇ ಪೋಸ್ಟ್ ಆಫೀಸಿಗೆ ಹೋಗಿ 30 ಲಕ್ಷ ಹಾಕಿದರು. ಬಡ್ಡಿ ಶೇ. 8.2. ಮೂರು ತಿಂಗಳಿಗೊಮ್ಮೆ ಅವರ ಖಾತೆಗೆ 61,500 ಬೀಳುತ್ತದೆ. ನನಗೆ ಒಂದು ವರ್ಷಕ್ಕೆ ಉಳಿದದ್ದಕ್ಕಿಂತ ಒಂದೂವರೆ ಸಾವಿರ ಜಾಸ್ತಿ, ಅದೂ ಕಾಲು ವರ್ಷಕ್ಕೆ. ಹಾಸಿಗೆ ಬಟ್ಟೆ ಒಗೆಯದೆ. ಅವರು ಇದನ್ನು ಹೇಳಿದ್ದು ಒಂದು ಮದುವೆ ಊಟದ ಪಂಕ್ತಿಯಲ್ಲಿ. ಹೋಳಿಗೆ ಗಂಟಲಲ್ಲಿ ನಿಂತಿತು.

ಮಳೆಗಾಲದ ವಿಷಯ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನ್ನ ಲೆಕ್ಕ ಬಿದ್ದಿದ್ದು ಅಲ್ಲೇ. ತುಮಕೂರಿನವರಿಗೆ ಮಳೆ ಅಂದರೆ ಬಾರದೇ ಇರುವ ವಸ್ತು. ಮಳೆ ಬಂತೆಂದರೆ ಬಾಗಿಲಿಗೆ ಬಂದು ನಿಂತು ನೋಡುತ್ತೇವೆ. ಹೊನ್ನಾವರದಲ್ಲಿ ಜೂನ್ ಮೊದಲ ವಾರ ಬಂದ ಮಳೆ ಎದ್ದು ಹೋಗುವುದು ಸೆಪ್ಟೆಂಬರ್ ಮುಗಿಯುವಾಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ಬಂದ್. ಮೀನುಗಾರರೇ ಇಳಿಯದ ಸಮುದ್ರಕ್ಕೆ ಪ್ರವಾಸಿ ಯಾಕೆ ಬರುತ್ತಾನೆ? ಇದು ಅಲ್ಲಿಯ ಐದನೇ ಕ್ಲಾಸಿನ ಹುಡುಗನಿಗೂ ಗೊತ್ತು. 365 ಅಂತ ಬರೆದಾಗ ನನಗೆ ಹೊಳೆಯಲಿಲ್ಲ. ಅದು 365 ಅಲ್ಲ, ಹೆಚ್ಚೆಂದರೆ 240.

ಬಾಡಿಗೆ ಬರುವುದಿಲ್ಲ ಅಷ್ಟೇ ಆಗಿದ್ದರೆ ಸುಮ್ನಿರಬಹುದಿತ್ತು. ಮುಚ್ಚಿಟ್ಟ ಮನೆ ಹಾಳಾಗುತ್ತದೆ. ಮೊದಲ ಮಳೆಗಾಲ ಕಳೆದು ಹೋಗಿ ನೋಡಿದರೆ ಹಾಸಿಗೆ, ದಿಂಬು, ಬೀರುವಿನ ಒಳಗಿನ ಟವೆಲ್ಲು, ಎಲ್ಲಕ್ಕೂ ಹಸಿರು ಬೂಷ್ಟು. ಗೋಡೆಯ ಸ್ವಿಚ್ಚು ಒತ್ತಿದರೆ ಒಳಗೆ ಸಿಟಿಸಿಟಿ ಸದ್ದು. ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಏಸಿಯ ಹೊರಗಿನ ಡಬ್ಬದ ಕಾಯಿಲು ಉಪ್ಪು ಗಾಳಿಗೆ ಪುಡಿ ಪುಡಿ. ಎರಡು ವರ್ಷವೂ ಆಗಿರಲಿಲ್ಲ. ನಮ್ಮವರು ಹಿತ್ತಲಿನಿಂದ ಬಂದು ನೋಡಿ ಹೇಳಿದರು, "ತೆಂಗಿನ ಮರಕ್ಕೆ ಉಪ್ಪು ಗಾಳಿ ಒಗ್ಗುತ್ತೆ ಕಣೇ. ನಿನ್ನ ಏಸಿಗೆ ಒಗ್ಗಲ್ಲ."

ಆಮೇಲೆ ನಾವು ಕಲಿತದ್ದು ಅಲ್ಲಿಯವರಿಂದ. ಜಗಲಿಗೆ ಮೇ ಕೊನೆಯಲ್ಲೇ ತಟ್ಟಿ ಕಟ್ಟಬೇಕು. ಹಾಸಿಗೆಗಳನ್ನು ಅಟ್ಟಕ್ಕೆ ಏರಿಸಬೇಕು. ವಾರಕ್ಕೆ ಎರಡು ಸಲ ಕಿಟಕಿ ತೆರೆದು ಒಲೆ ಹಚ್ಚಿ ಹೊಗೆ ಆಡಿಸಬೇಕು. ವರ್ಷಕ್ಕೊಮ್ಮೆ ಹಂಚು ಕೈಯಾಡಿಸಬೇಕು, ಅಂದರೆ ಒಡೆದದ್ದು ತೆಗೆದು ಸರಿಯಾಗಿ ಜೋಡಿಸಬೇಕು. ಕಬ್ಬಿಣದ ಕಿಟಕಿ ಸರಳು ತೆಗೆದು ಮರದ್ದು ಹಾಕಿಸಿದೆವು. ಏಸಿ ಎರಡರಲ್ಲಿ ಒಂದನ್ನು ಮತ್ತೆ ಹಾಕಿಸಲೇ ಇಲ್ಲ, ಫ್ಯಾನು ಸಾಕು. ಇನ್ನೊಂದು ಕಡೆ ಏಪ್ರಿಲ್, ಮೇನಲ್ಲಿ ಬಾವಿ ನೀರು ಸ್ವಲ್ಪ ಉಪ್ಪಾಗುತ್ತದೆ. ಬೆಂಗಳೂರಿನ ಅತಿಥಿಯೊಬ್ಬರು ಕಾಫಿ ಕೆಟ್ಟಿದೆ ಅಂತ ಎರಡು ಸ್ಟಾರ್ ಕೊಟ್ಟರು.

2024 ಕೆಟ್ಟ ವರ್ಷ. ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಜೀವಗಳು ಹೋದವು. ನಮ್ಮ ಮನೆ ಅಲ್ಲಿಂದ ಎಷ್ಟೋ ದಕ್ಷಿಣಕ್ಕೆ. ಆದರೆ ಟಿವಿಯಲ್ಲಿ ಆ ಗುಡ್ಡ ನೋಡಿದವರಿಗೆ ಕರಾವಳಿ ಎಲ್ಲಾ ಒಂದೇ. ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಸಮುದ್ರಪಾಲಾದರು. ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ಮಕ್ಕಳು. ಬಯಲುಸೀಮೆಯ ಮಕ್ಕಳು, ನಮ್ಮವೇ. ಬೀಚು ಕೆಲವು ದಿನ ಮುಚ್ಚಿದರು, ವರ್ಷದ ಕೊನೆಯ ನಮ್ಮ ಬುಕಿಂಗ್‌ನಲ್ಲಿ ಹನ್ನೊಂದು ರಾತ್ರಿ ರದ್ದಾಯಿತು. ಮೊದಲ ದಿನ ಫೋನಿನಲ್ಲಿ ಕ್ಯಾನ್ಸಲ್ ಮೆಸೇಜು ಬಂದಾಗ ದುಡ್ಡು ಹೋಯಿತಲ್ಲ ಅಂತ ಅನ್ನಿಸಿತು. ಅನ್ನಿಸಿದ್ದಕ್ಕೆ ಆಮೇಲೆ ನಾಚಿಕೆ ಆಯಿತು. ಎಷ್ಟು ಪ್ರವಾಸಕ್ಕೆ ನಾನೇ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ನೀರು ಕಂಡರೆ ನಮ್ಮ ಮಕ್ಕಳು ನಿಲ್ಲುವುದಿಲ್ಲ, ಕೆರೆ ತುಂಬಿದ್ದನ್ನೇ ಸರಿಯಾಗಿ ನೋಡಿರುವುದಿಲ್ಲ ಅವು. ಈಗ ನಮ್ಮ ಮನೆಗೆ ಮಕ್ಕಳಿರುವ ಯಾರೇ ಬರಲಿ, ನಾನೇ ಫೋನ್ ಮಾಡಿ ಲೈಫ್‌ಗಾರ್ಡ್ ಇಲ್ಲದ ಕಡೆ ನೀರಿಗೆ ಬಿಡಬೇಡಿ ಅಂತ ಹೇಳುತ್ತೇನೆ. ಕೆಲವರಿಗೆ ಅದು ಹಿಡಿಸುವುದಿಲ್ಲ.

ತೆರಿಗೆ ವಿಷಯದಲ್ಲಿ ಇನ್ನೊಂದು ಪೆಟ್ಟು. ಮನೆ ಬಾಡಿಗೆ ಅಂತ ತೋರಿಸಿದರೆ ರಿಪೇರಿಗೆ ಅಂತ ಶೇ. 30 ಕಳೆದು ಉಳಿದದ್ದಕ್ಕೆ ತೆರಿಗೆ. ನಾನು ಹಾಗೇ ಅಂದುಕೊಂಡಿದ್ದೆ. ನಮ್ಮ ಆಡಿಟರು ಕೇಳಿದರು, "ಹಾಸಿಗೆ ಹಾಸ್ತೀರಿ, ತಿಂಡಿ ಕೊಡ್ತೀರಿ, ದಿನದ ಲೆಕ್ಕದಲ್ಲಿ ದುಡ್ಡು ತಗೋತೀರಿ. ಇದು ಬಾಡಿಗೆ ಹೇಗೆ ಆಗುತ್ತೆ ಮೇಡಂ? ವ್ಯಾಪಾರ." ರಿಟೈರ್ ಆದ ಮೇಲೆ ನಾನು ವ್ಯಾಪಾರಿ ಆಗಿದ್ದೀನಿ ಅಂತ ತಿಳಿದಿದ್ದು ಆ ಕುರ್ಚಿಯಲ್ಲಿ. ಜಿಎಸ್‌ಟಿ ತಲೆನೋವು ಮಾತ್ರ ಬರಲಿಲ್ಲ, ವರ್ಷಕ್ಕೆ 20 ಲಕ್ಷದ ಒಳಗಿದ್ದರೆ ಬುಕಿಂಗ್ ಆ್ಯಪೇ ಅದನ್ನು ವಸೂಲಿ ಮಾಡಿ ಕಟ್ಟುತ್ತದೆ. ವಿದೇಶಿಯರು ಬಂದರೆ ಅವರು ತಂಗಿದ ಮಾಹಿತಿ ಸರ್ಕಾರಕ್ಕೆ ಕೊಡುವ ಸಿ ಫಾರಂ ಅನ್ನು ಆಗ 24 ಗಂಟೆಯೊಳಗೆ ತುಂಬಬೇಕಿತ್ತು. ಗೋಕರ್ಣದಲ್ಲಿ ಜಾಗ ಸಿಗದ ಒಬ್ಬ ಜರ್ಮನಿಯವನು ಒಂದು ಸಲ ಬಂದಿದ್ದ. ಅವನ ಫಾರಂ ತುಂಬಲು ನಾನು ತುಮಕೂರಿನಲ್ಲಿ ಕೂತು ರಾತ್ರಿ ಹನ್ನೊಂದರವರೆಗೆ ಓಟಿಪಿ ಕಾದೆ.

ನನ್ನ ಅಕ್ಕನ ಮನೆ ತುಮಕೂರಿನ ಬಟವಾಡಿಯಲ್ಲಿ. ಮಹಡಿ ಮೇಲಿನ ಪೋರ್ಶನ್ನಿಗೆ ತಿಂಗಳಿಗೆ 11,000 ಬರುತ್ತದೆ. ಬಾಡಿಗೆಯವರ ಹೆಸರು ಕೇಳಿದರೆ ಅವಳಿಗೆ ಒಂದು ಕ್ಷಣ ಯೋಚನೆ ಮಾಡಬೇಕು, ಅಷ್ಟು ಸದ್ದಿಲ್ಲದ ಜನ. "ನೀನ್ಯಾಕೆ ಅಷ್ಟು ದೂರ ಹೋಗಿ ಹೋಟ್ಲು ಇಟ್ಟೆ?" ಅಂತ ಹಬ್ಬಕ್ಕೊಮ್ಮೆ ಕೇಳುತ್ತಾಳೆ.

ಆದರೆ ದಾರಿ ಸಿಕ್ಕಿದ್ದು ಅಕ್ಕನ ತಿಂಗಳ ಬಾಡಿಗೆಯ ಮಾತಿನಿಂದಲೇ. 2025ರ ಮೇನಲ್ಲಿ ಹೊನ್ನಾವರಕ್ಕೆ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಮನೆ ಹುಡುಕುತ್ತಿದ್ದಾರೆ ಅಂತ ನಮ್ಮ ಮನೆ ನೋಡಿಕೊಳ್ಳುವವಳೇ ಫೋನ್ ಮಾಡಿದಳು. ಹಿಂದಿನ ಎರಡು ಕೋಣೆ, ಅಡಿಗೆಮನೆ ಅವರಿಗೆ ತಿಂಗಳಿಗೆ 8,500ಕ್ಕೆ ಕೊಟ್ಟೆ. ಮುಂದಿನ ಕೋಣೆ ಮತ್ತು ಜಗಲಿ ಮಾತ್ರ ಅಕ್ಟೋಬರ್‌ನಿಂದ ಮೇವರೆಗೆ ಅತಿಥಿಗಳಿಗೆ, ದಿನಕ್ಕೆ 1,800. ಅವಳ ಸಂಬಳವನ್ನೂ ಬದಲಾಯಿಸಿದೆ. ಬಂದ ದುಡ್ಡಲ್ಲಿ ನೂರಕ್ಕೆ ಮೂವತ್ತು ಅವಳಿಗೆ. ಮೊದಲು ಮುಖ ಊದಿಸಿಕೊಂಡಳು. ಡಿಸೆಂಬರ್ ಬಂದ ಮೇಲೆ ನೋಡಬೇಕಿತ್ತು. ಬಸ್‌ಸ್ಟ್ಯಾಂಡಿನ ಆಟೋದವರಿಗೆಲ್ಲಾ ಅವಳ ನಂಬರು ಗೊತ್ತು, ಆ್ಯಪಿಲ್ಲದೆಯೇ ಜನ ಬರುತ್ತಾರೆ. ಮಳೆಗಾಲದಲ್ಲಿ ಮನೆಯಲ್ಲಿ ಒಲೆ ಉರಿಯಿತು, ಕಿಟಕಿ ತೆರೆಯಿತು. ಟವೆಲ್ಲಿಗೆ ಬೂಷ್ಟು ಬರಲಿಲ್ಲ.

ಈ ವರ್ಷ ಎಲ್ಲಾ ಕಳೆದು ಲಕ್ಷದ ಮೇಲೆ ಸ್ವಲ್ಪ ಉಳಿಯಬಹುದು. 42 ಲಕ್ಷಕ್ಕೆ ಅದು ಶೇ. 3ರ ಒಳಗೇ. ಕನ್ನಡ ಮೇಡಂ ಮುಂದೆ ನಾನು ಈಗಲೂ ಫೇಲು. ಜಾಗದ ಬೆಲೆ ಏರಿದೆ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಕೊಳ್ಳುವವನು ದುಡ್ಡು ಹಿಡಿದು ಬರುವವರೆಗೆ ಅದನ್ನು ಪುಸ್ತಕದಲ್ಲಿ ಬರೆಯುವುದಿಲ್ಲ ಅಂತ ತೀರ್ಮಾನಿಸಿದ್ದೇನೆ.

ನಮ್ಮವರಂತೂ ಗೆದ್ದರು. 2023ರಲ್ಲಿ ತಿಪಟೂರಲ್ಲಿ ಕೊಬ್ಬರಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗ ನಾನು ಅವರ ತೋಟವನ್ನು ಆಡಿಕೊಂಡಿದ್ದೆ. 2025ರಲ್ಲಿ ಕ್ವಿಂಟಾಲಿಗೆ 25 ಸಾವಿರ ದಾಟಿದಾಗ ಅವರು ಏನೂ ಹೇಳಲಿಲ್ಲ. ಕೊಬ್ಬರಿ ಮಾರಿದ ಚೀಟಿಯನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಇನ್ನೂ ಅಲ್ಲೇ ಇದೆ.

ನಿನ್ನೆ ಸಂಜೆ ಹೊನ್ನಾವರದಿಂದ ಫೋನು. "ಅಕ್ಕೋರೆ, ಹಂಚು ಕೈಯಾಡಿಸುವವ ಸಿಕ್ಕಿದ. ಇನ್ನೂರು ಹಂಚು ಬೇಕು ಅಂತ. ಸಾಹೇಬರ ಹೆಂಡತಿ ಬಾವಿಕಟ್ಟೆ ಹತ್ರ ಮಲ್ಲಿಗೆ ನೆಡ್ತೆ ಅಂತ್ರು, ಅಡ್ಡಿಲ್ವ?" ಅಡ್ಡಿಲ್ಲ ಅಂದೆ. ಅಲ್ಲಿಯ ಮಾತು ನನಗೂ ಬಂದಿದೆ. ಕಟ್ಟೆಗೆ ಮಾತ್ರ ಗುದ್ದಲಿ ತಾಗಿಸಬೇಡಿ ಅಂತ ಹೇಳಿ ಫೋನ್ ಇಟ್ಟೆ.